ಮಿಚೂ ಥಾಯ್ ಕಲಿತದ್ದು

ಉತ್ತರ ಥಾಯ್ಲೆಂಡಿನ ಬೆಟ್ಟದ ಮೇಲೆ, ಅಖಾ ಬುಡಕಟ್ಟಿನ ಹಳ್ಳಿಯ ಮಿಚೂಗೆ ಅರವತ್ತೆರಡು ವರ್ಷ. ಇಷ್ಟು ದಿನ ಅಖಾ ಮಾತೊಂದರಲ್ಲೇ ಅವಳ ಬದುಕು ಸಾಗಿತ್ತು. ಈಗ ಥಾಯ್ ಗುರುತಿನ ಚೀಟಿಗೆ ಅರ್ಜಿ ಹಾಕಿದ್ದಳು. ಎರಡು ತಿಂಗಳಲ್ಲಿ ತಾಲೂಕು ಕಚೇರಿಯ ಅಧಿಕಾರಿಯೆದುರು ಥಾಯ್ ಮಾತಾಡಿ ತೋರಿಸಬೇಕಿತ್ತು.

ಮೊಮ್ಮಗಳು ಡಾರಿಕಾ ತನ್ನ ಒಂದನೇ ತರಗತಿಯ ಪುಸ್ತಕ ತಂದುಕೊಟ್ಟಳು. ಒಂದೊಂದು ಅಕ್ಷರಕ್ಕೂ ಒಂದು ಚಿತ್ರ: ಕೋಳಿಯ ಅಕ್ಷರ, ಮೊಟ್ಟೆಯ ಅಕ್ಷರ ಅಂತ ಒಟ್ಟು ನಲವತ್ತನಾಲ್ಕು. ಮಿಚೂ ಚಿತ್ರಗಳನ್ನೆಲ್ಲ ಆಸೆಯಿಂದ ನೋಡಿದಳು.

"ಸಾಹೇಬ್ರು ಬರಿ ಅಂತಾರಾ, ಮಾತಾಡು ಅಂತಾರಾ?"

"ಮಾತಾಡು ಅಂತಾರೆ ಅಜ್ಜಿ."

"ಹಂಗಾದ್ರೆ ಕೋಳಿ ಆಮೇಲೆ ನೋಡ್ಕೊಳ್ಳಣ."

ಡಾರಿಕಾ ಮೊಬೈಲಿನಲ್ಲಿ ಥಾಯ್ ಪಾಠದ ವಿಡಿಯೊ ಹಾಕಿಕೊಟ್ಟಳು. ಅದರಲ್ಲಿ ಕಲಿಸುವ ಹೆಂಗಸು ದಿನವೂ ವಿಮಾನದ ಟಿಕೆಟ್ಟು, ಹೋಟೆಲ್ ಕೋಣೆ ಎನ್ನುತ್ತಿದ್ದಳು. ಆದರೂ ಮಿಚೂ ಕಿವಿಗೊಟ್ಟಳು. 'ಕ್ಲೈ' ಎಂದು ದನಿ ಇಳಿಸಿದರೆ ಹತ್ತಿರ, ಸಮವಾಗಿ ಹೇಳಿದರೆ ದೂರ. ಅಖಾ ಮಾತಿನಲ್ಲೂ ಹೀಗೆ ಏರಿಳಿತಗಳುಂಟು. ಪದ ಬಿಟ್ಟು ದನಿಯ ಏರಿಳಿತವನ್ನಷ್ಟೇ ಗುನುಗಿ ನೋಡಿದಳು. ಪದ ತಾನಾಗಿ ಬಂದು ಕೂತಿತು.

ಅದನ್ನು ಪರೀಕ್ಷೆ ಮಾಡಲು ಶನಿವಾರ ಮೊಮ್ಮಗಳೊಡನೆ ಮೇಚಾನ್ ಸಂತೆಗೆ ಇಳಿದಳು. ಹಂದಿಮಾಂಸದ ಸಾಸೇಜು ಸುಡುತ್ತಿದ್ದ ಬುವಾಕಾಮಳ ಬಳಿ ಒಂದು ತುಂಡು ತಿಂದು, ರುಚಿಯಾಗಿದೆ ಎನ್ನಲು "ಅರೋಯ್" ಎಂದಳು.

ಬುವಾಕಾಮ್ ನಕ್ಕಳು. "ಏನಕ್ಕಾ, ಟೀವೀಲಿ ಸುದ್ದಿ ಓದೋರ ಥರ? ನಮ್ಮ ಕಡೆ 'ಲಾಂ' ಅಂತೀವಿ."

ಡಾರಿಕಾ ಅದನ್ನು ಅಖಾದಲ್ಲಿ ಹೇಳಿದಳು.

"ಥಾಯ್‌ನಲ್ಲೂ ಎರಡು ಥರ ಇದೆಯಾ?" ಮಿಚೂ ಕಣ್ಣರಳಿಸಿದಳು. "ಸಾಹೇಬ್ರದ್ದು ಯಾವ್ದು?"

"ಅವ್ರು ಬ್ಯಾಂಕಾಕಿನೋರು. ಮೊಬೈಲಲ್ಲಿ ಕಲಿಸೋದೇ ಅವ್ರದ್ದು."

"ಸರಿ. ಅವ್ರಿಗೆ ಅದು, ನಂಗೆ ಇದು. ಎರಡೂ ಇರ್ಲಿ."

ಅಲ್ಲಿಂದ ಮುಂದೆ ಪ್ರತಿ ಶನಿವಾರ ಬುವಾಕಾಮಳಿಗೆ ನಿಂಬೆಹುಲ್ಲು ಹೆಚ್ಚಿಕೊಡುತ್ತ ಕೂತಳು. ಒಂದೊಂದು ವಸ್ತುವಿಗೂ ಎರಡೆರಡು ಹೆಸರು ಕೇಳುವಳು. ಬುವಾಕಾಮಳೂ ಬಿಡದೆ ಅಖಾ ಪದ ಕೇಳಿ, ತಪ್ಪಾಗಿ ಹೇಳಿ ಬೈಸಿಕೊಳ್ಳುವಳು.

ಎರಡು ತಿಂಗಳು ಕಳೆದು ಕಚೇರಿಗೆ ಹೋದಾಗ ಅಧಿಕಾರಿ ಮಕ್ಕಳೆಷ್ಟು, ಏನು ಬೆಳೆಯುತ್ತೀರಿ ಎಂದೆಲ್ಲ ಕೇಳಿದ. ಮಿಚೂ ತಡವರಿಸಿದರೂ ನಿಲ್ಲಲಿಲ್ಲ. ಅವನು ಬರೆದು ಮುಗಿಸಿದ ಮೇಲೆ ತಾನೇ ಕೇಳಿದಳು: "ಸಾಹೇಬ್ರೆ, ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?"

"ಮೂರು."

"ಇಲ್ಲಿನ ಮಾತು ಕಲಿತ್ರಾ?"

ಅಧಿಕಾರಿ ತಲೆ ಕೆರೆದುಕೊಂಡ. "ಅರ್ಥ ಆಗತ್ತೆ ಅಜ್ಜಿ. ನಾಲಿಗೆ ಹೊರಳಲ್ಲ."

ಮಿಚೂಗೆ ಅವನ ಮೇಲೆ ಅಕ್ಕರೆ ಉಕ್ಕಿತು. ತಾನು ಹೇಗೆ ಕಲಿತೆನೆಂದು ಗುನುಗಿ ತೋರಿಸಿದಳು. ಅವನು ಫೈಲು ಬದಿಗಿಟ್ಟು ಕೇಳಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಚೀಟಿ ಬಂತು. ಆಗಲೇ ಅವಳು ಚಹಾ ಕೀಳಲು ಬರುವ, ಲಾಹು ಎಂಬ ಬೇರೆ ಬುಡಕಟ್ಟಿನ ಹೆಂಗಸರ ಪಕ್ಕದ ಸಾಲು ಹಿಡಿದು, ಅವರು ತಮ್ಮ ಭಾಷೆಯಲ್ಲಿ ಏನು ಮಾತಾಡುತ್ತಾರೆಂದು ಕೇಳಿಸಿಕೊಳ್ಳತೊಡಗಿದ್ದಳು.