ಜಾರುವ ಗಂಟು

"ಅಷ್ಟು ಬಿಗೀಬೇಡ ಕಣೇ, ಕಳ್ಳನ ಕೈ ಕಟ್ತಿದ್ದೀಯಾ?" ಎನ್ನುತ್ತ ಪಾಪಕ್ಕ ಮೊಮ್ಮಗಳ ಕೈಯಿಂದ ಬಾಳೆನಾರು ಕಿತ್ತುಕೊಂಡು ತಾನೇ ಸಡಿಲವಾಗಿ ಗಂಟು ಹಾಕಿದಳು. ಹೋದ ವರ್ಷ ಅರಿಶಿನಕುಂಟೆಯ ಈ ಹೀರೆ ಚಪ್ಪರಕ್ಕೆ ಮಗ ಕಾಂತರಾಜು ತಂತಿಯಲ್ಲಿ ಗಂಟು ಬಿಗಿದಿದ್ದ. ಒಂದೇ ಗಾಳಿಗೆ ಎಲ್ಲವೂ ಹರಿದು ನೆಲ ಕಂಡಿತ್ತು. ಯಶಸ್ವಿನಿ ಅಜ್ಜಿಯ ಗಂಟನ್ನು ಎಳೆದು ನೋಡಿದಳು. ಅದು ಚೂರು ಜಾರಿ, ಮತ್ತೆ ಹಿಡಿದು ನಿಂತಿತು.

ಪ್ರಯೋಗಾಲಯದಲ್ಲಿ ಅವಳು ಎಳೆದು ನೋಡುವುದೂ ಇಂಥದೇ ಚಪ್ಪರವನ್ನು: ಜೀವಕೋಶಕ್ಕೆ ಗಟ್ಟಿತನ ಕೊಡುವ ಪ್ರೋಟೀನ್ ಎಳೆಗಳ ಬಲೆಯನ್ನು. ಗಂಟು ಬಿಗಿಯಾದಷ್ಟೂ ಬಲೆ ಹೆಚ್ಚು ತಾಳುತ್ತದೆ ಎಂಬುದು ಅವಳೂ ಅವಳ ಮಾರ್ಗದರ್ಶಕರೂ ಸೇರಿ ಬರೆದ ಪ್ರಬಂಧದ ವಾದ. ಸಡಿಲ ಗಂಟಿನ ಒಂದು ಮಾದರಿ ಮಾತ್ರ ಎಷ್ಟು ಎಳೆದರೂ ಹರಿದಿರಲಿಲ್ಲ.

ಅಷ್ಟರಲ್ಲಿ ಮಾರ್ಗದರ್ಶಕ ಉಮಾಶಂಕರ್ ಅವರ ಫೋನು ಬಂತು.

"ಆ ಒಂದು ಸ್ಯಾಂಪಲ್ ತೆಗೆದ್ಬಿಡಮ್ಮಾ. ಪೇಪರ್ ಇವತ್ತೇ ಕಳಿಸೋಣ. ನಿನ್ನ ಹೆಸರೇ ಮೊದಲು ಹಾಕ್ತೀನಿ."

ಆ ಮಾತಿಗಾಗಿಯೇ ಅವಳು ಎರಡು ವರ್ಷ ಕಾದಿದ್ದಳು. ತಲೆಯ ಮೇಲೆ ಚಪ್ಪರ ಗಾಳಿಗೆ ತೂಗಿ, ತಾನಾಗಿಯೇ ನೆಟ್ಟಗಾಯಿತು.

"ತೆಗೆಯಲ್ಲ ಸರ್," ಎಂದಳು ಯಶಸ್ವಿನಿ. "ಹೆಸರೂ ಬೇಡ."