ಪುಟ್ಟಿ ಯಾಕೆ ತಣ್ಣೀರು ಸುರಿದುಕೊಂಡಳು?

ಮೈ ಕೊರೆಯುವ ಚಳಿ. ನೀರು ಮುಟ್ಟಿದರೆ ಬೆರಳು ಸೆಟೆದುಕೊಳ್ಳುವ ಕಾಲ. ಇಂಥ ಚಳಿಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬೆಳಗೆದ್ದು, ಕಾಯಿಸಿಟ್ಟ ನೀರನ್ನು ಬಿಟ್ಟು, ತೊಟ್ಟಿಯ ತಣ್ಣೀರನ್ನು ತಲೆಯ ಮೇಲಿಂದ ಸುರಿದುಕೊಳ್ಳುತ್ತಾಳೆ ಎಂದರೆ ಹೆತ್ತವಳಿಗೆ ಏನನ್ನಿಸಬೇಕು, ನೀವೇ ಹೇಳಿ. ಅಷ್ಟೇ ಅಲ್ಲ. ಮಲಗುವಾಗ ಹೊದಿಕೆ ಕಿತ್ತೆಸೆಯುತ್ತಾಳೆ. ಹಾಸಿಗೆ ಬಿಟ್ಟು ಬರೀ ಸಿಮೆಂಟು ನೆಲದ ಮೇಲೆ ಮುದುರಿಕೊಳ್ಳುತ್ತಾಳೆ. ತಟ್ಟೆಗೆ ಬಡಿಸಿದ ಬಿಸಿ ಊಟ ತಣ್ಣಗಾಗುವವರೆಗೆ ಮುಟ್ಟುವುದಿಲ್ಲ. ಕೆಮ್ಮು ಆಗಲೇ ಎದೆಗಿಳಿದಿತ್ತು. ಸಂಜೆಯಾದರೆ ಸಣ್ಣಗೆ ಜ್ವರ.

"ಹಟ ಕಣೇ ಅದು, ಹರೆಯದ ಹಟ. ಎರಡು ಬಿಗಿದ್ರೆ ಸರಿಹೋಗುತ್ತೆ," ಎಂದಳು ಅಜ್ಜಿ. ಈ ಅಜ್ಜಿ ಪುಟ್ಟಿಯ ತಾಯಿಯ ತಾಯಿ. ಪುಟ್ಟಿಯ ಅಪ್ಪ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಇರುವುದು ಈ ಮೂವರು ಹೆಂಗಸರೇ.

ತಾಯಿ ಬೈದಳು, ಬೇಡಿಕೊಂಡಳು, ತೊಟ್ಟಿಯ ನೀರನ್ನೇ ಚೆಲ್ಲಿದಳು. ಹುಡುಗಿ ಬೀದಿ ನಲ್ಲಿಯ ಕೆಳಗೆ ಹೋಗಿ ಕೂತಳು. ಯಾಕೆಂದು ಕೇಳಿದರೆ ತುಟಿ ಎರಡಾಗಲಿಲ್ಲ.

ತಾಯಿಯನ್ನು ಬೀದಿಯವರೆಲ್ಲ ಮೊಟ್ಟೆಯಕ್ಕ ಎಂದು ಕರೆಯುತ್ತಿದ್ದರು. ಮೊಟ್ಟೆಯಿಂದ ಕೋಳಿಮರಿ ಮಾಡಿಸುವ ಹ್ಯಾಚರಿಯಲ್ಲಿ ಆಕೆಗೆ ಕೆಲಸ. ಕಿಟಕಿಯಿಲ್ಲದ ಕತ್ತಲೆ ಕೋಣೆ, ಮೇಜಿನ ಮೇಲೊಂದು ಪ್ರಖರವಾದ ದೀಪ. ಒಂದೊಂದೇ ಮೊಟ್ಟೆಯನ್ನು ಆ ದೀಪಕ್ಕೆ ಹಿಡಿದು, ಜೀವ ಹಿಡಿದದ್ದು ಯಾವುದು, ಖಾಲಿ ಯಾವುದು ಎಂದು ಆರಿಸಬೇಕು. ಆಕೆಯ ಕಣ್ಣು ತಪ್ಪಿದ್ದನ್ನು ಯಾರೂ ಕಂಡಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ಆಕೆ ಮೊದಲು ಹೇಳುವ ಮಾತು ಒಂದೇ: "ಕಾವು ತಪ್ಪಿತೋ, ಮರಿ ಬೆಳೆಯಲ್ಲ." ಪುಟ್ಟಿ ತೊಟ್ಟಿಲಲ್ಲಿದ್ದಾಗಿನಿಂದ ಈ ಮಾತು ಕೇಳಿಕೊಂಡೇ ಬೆಳೆದವಳು.

ಅದೇ ವಾರ ಶಾಲೆಯಲ್ಲೂ ಒಂದು ಗದ್ದಲ ಎದ್ದಿತ್ತು. ಬೆಳೆಯುವ ಮಕ್ಕಳಿಗೆ ಮೈಯ ಬಗ್ಗೆ, ಹುಟ್ಟಿನ ಬಗ್ಗೆ ಪಾಠ ಶುರುಮಾಡಬೇಕು ಎಂದು ಹೆಡ್‌ಮಾಸ್ಟರು ಹೇಳಿದ್ದೇ ತಡ, ಹೆತ್ತವರಲ್ಲಿ ಎರಡು ಬಣವಾಯಿತು. ಪೂರ್ತಿ ಪಾಠ ಬೇಕು ಎಂದವರು ಕೆಲವರು. "ಮದುವೆವರೆಗೂ ದೂರ ಇರಿ ಅಂತ ಒಂದು ಮಾತು ಹೇಳಿದ್ರೆ ಸಾಕು, ಮಿಕ್ಕಿದ್ದು ಬೇಡ," ಎಂದವರು ಹಲವರು. ಸೋಮವಾರದ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನ. ಒಂದು ಮಾತು ಸಾಕು ಎನ್ನುವವರ ಮುಂದಾಳು ಯಾರು ಅಂತೀರಿ? ನಮ್ಮ ಮೊಟ್ಟೆಯಕ್ಕನೇ.

ಶನಿವಾರ ಮಧ್ಯಾಹ್ನ, ಜ್ವರದ ಮಗಳನ್ನು ನಲ್ಲಿಯ ಹತ್ತಿರ ಬಿಟ್ಟು ಬರಲು ಮನಸ್ಸಾಗದೆ, ಆಕೆ ಪುಟ್ಟಿಯನ್ನು ಕೆಲಸಕ್ಕೇ ಕರೆತಂದು ಕತ್ತಲೆ ಕೋಣೆಯ ಮೂಲೆಯಲ್ಲಿ ಕೂರಿಸಿಕೊಂಡಿದ್ದಳು. ಅವತ್ತು ಆರೋಗ್ಯ ಕೇಂದ್ರದ ನರ್ಸಮ್ಮ ಕೆಲಸಗಾರರಿಗೆ ಚುಚ್ಚುಮದ್ದು ಕೊಡಲು ಬಂದಿದ್ದರು. ಶಾಲೆಯಲ್ಲಿ ಆ ಪಾಠ ಮಾಡಬೇಕಾದವರೂ ಅವರೇ. ಕೇಳಬೇಕೆ?

"ಸಿಸ್ಟರ್, ನಿಮ್ಮ ಮೇಲೆ ನನಗೆ ಗೌರವ ಇದೆ," ಎಂದಳು ಮೊಟ್ಟೆಯಕ್ಕ, ರವಿಕೆಯ ತೋಳು ಮೇಲೇರಿಸಿ ಚುಚ್ಚುಮದ್ದಿಗೆ ಕೈ ಕೊಡುತ್ತ. "ಆದ್ರೆ ಆ ಪಾಠ ಬೇಡ. ಮಲಗಿರೋ ನಾಯಿನ ಎಬ್ಬಿಸಿ ಕಚ್ಚಿಸಿಕೊಂಡ ಹಾಗೆ ಅದು."

"ನಾಯಿ ಮಲಗಿದೆ ಅಂತ ನಿಮಗೆ ಹೇಳಿದವರು ಯಾರು ಅಕ್ಕ?" ನರ್ಸಮ್ಮ ನಕ್ಕರು. "ದೂರ ಇರಿ ಅಂತ ನಾವೂ ಹೇಳ್ತೀವಿ. ಇದು ಓದೋ ವಯಸ್ಸು, ಅವಸರ ಬೇಡ ಅನ್ನೋದು ಪಾಠದಲ್ಲೇ ಇದೆ. ಆದ್ರೆ ಯಾತರಿಂದ ದೂರ, ಯಾಕೆ ದೂರ, ಯಾರಾದ್ರೂ ಬಲವಂತ ಮಾಡಿದ್ರೆ ಯಾರ ಹತ್ರ ಹೇಳ್ಬೇಕು, ಅದನ್ನೂ ಹೇಳ್ತೀವಿ. ಬರೀ ದೂರ ಇರಿ ಅಂದ್ರೆ ಮಕ್ಕಳಿಗೆ ಏನು ತಿಳಿಯುತ್ತೆ?"

"ತಿಳಿಯೋದೇನು ಬೇಕು? ನಮ್ಮಮ್ಮ ನನಗೆ ಒಂದೇ ಮಾತು ಹೇಳಿದ್ಲು. ಹುಡುಗರ ಮೈ ತಾಗಿದ್ರೆ ಹೊಟ್ಟೆ ಬರುತ್ತೆ, ಜೋಕೆ ಅಂತ. ನಾನೂ ಇವಳಿಗೆ ಅದನ್ನೇ ಹೇಳಿದೀನಿ. ಏನು ಕಮ್ಮಿಯಾಗಿದೆ ನಮಗೆ?"

"ಕೋಳಿ ಸಂಸಾರ ಪೂರ್ತಿ ಬಾಯಿಪಾಠ, ಮನೆ ಮಗಳಿಗೆ ಮಾತ್ರ ಒಂದೇ ಸಾಲು," ಎಂದು ನರ್ಸಮ್ಮ ರೇಗಿಸಿದರು. ಮೊಟ್ಟೆಯಕ್ಕನಿಗೂ ನಗು ಬಂತು. ಮಾತು ಬದಲಿಸಲೆಂದು, "ಬನ್ನಿ, ಒಂದು ವಿಚಿತ್ರ ತೋರಿಸ್ತೀನಿ," ಎಂದು ಒಂದು ಮೊಟ್ಟೆಯನ್ನು ದೀಪಕ್ಕೆ ಹಿಡಿದಳು.

ಚಿಪ್ಪು ಕೆಂಪಗೆ ಬೆಳಗಿತು. ಒಳಗೆ ಕೂದಲಿಗಿಂತ ತೆಳುವಾದ ರಕ್ತನಾಳಗಳು ಎಲ್ಲ ಕಡೆ ಹರಡಿಕೊಂಡಿದ್ದವು. ಅವುಗಳ ನಡುವೆ ಒಂದು ಚುಕ್ಕೆ. ಆ ಚುಕ್ಕೆ ಮಿಡಿಯುತ್ತಿತ್ತು. ನಿಲ್ಲದೆ, ಯಾರ ಅಪ್ಪಣೆಗೂ ಕಾಯದೆ, ಮಿಡಿಯುತ್ತಲೇ ಇತ್ತು. ನರ್ಸಮ್ಮ ಬಗ್ಗಿ ದೀಪದ ಹತ್ತಿರಕ್ಕೇ ಬಂದರು. ಎಷ್ಟು ವರ್ಷ ನೋಡಿದರೂ ಆ ಚುಕ್ಕೆಯ ಮುಂದೆ ಮೊಟ್ಟೆಯಕ್ಕನಿಗೆ ಮೈ ಜುಮ್ಮೆನ್ನುತ್ತಿತ್ತು.

"ಅಮ್ಮಾ," ಎಂದಳು ಪುಟ್ಟಿ ಮೂಲೆಯಿಂದ. "ಕಾವು ಇಲ್ದಿದ್ರೆ ಅದು ಬೆಳೆಯಲ್ಲ ಅಲ್ವಾ?"

"ಬೆಳೆಯಲ್ಲ."

"ಹಾಗಾದ್ರೆ ನಂದೂ ಬೆಳೀತಾ ಇಲ್ಲ ಅಲ್ವಾ?"

"ನಿಂದೇನೇ?"

"ನನ್ನ ಹೊಟ್ಟೇಲಿರೋ ಮಗು."

ಮೊಟ್ಟೆಯಕ್ಕ ಕೈಯಲ್ಲಿದ್ದ ಮೊಟ್ಟೆಯ ಸಮೇತ ಮಗಳ ಕಡೆ ತಿರುಗಿದಳು. ನರ್ಸಮ್ಮ ಆ ಮೊಟ್ಟೆಯನ್ನು ಮೆಲ್ಲಗೆ ಬಿಡಿಸಿಕೊಂಡು ಟ್ರೇಯಲ್ಲಿಟ್ಟು, ಕೋಣೆಯ ದೊಡ್ಡ ದೀಪ ಹಾಕಿದರು. ಹುಡುಗಿಯ ಮುಂದೆ ನೆಲದ ಮೇಲೇ ಕೂತರು.

"ಪುಟ್ಟೀ, ಯಾರಾದ್ರೂ ನಿನಗೆ ಏನಾದ್ರೂ ಮಾಡಿದ್ರಾ? ಏನೇ ಆಗಿದ್ರೂ ತಪ್ಪು ನಿಂದಲ್ಲ. ಹೇಳು."

ಹುಡುಗಿ ಬಿಕ್ಕುತ್ತ ಹೇಳಿದ್ದಿಷ್ಟು. ಶಾಲೆ ಬಸ್ಸಿನಲ್ಲಿ ನಿಂತಿದ್ದಾಗ ಡ್ರೈವರು ಗಕ್ಕನೆ ಬ್ರೇಕ್ ಹಾಕಿದ. ಪಕ್ಕದಲ್ಲಿದ್ದ ಹುಡುಗ ಅವಳ ಮೈಮೇಲೆ ಬಿದ್ದ. ಎದ್ದು, ಸಾರಿ ಅಂದ, ಅಷ್ಟೇ. ಆ ತಿಂಗಳು ಅವಳು ಮುಟ್ಟಾಗಲಿಲ್ಲ. ಮೈ ತಾಗಿದರೆ ಹೊಟ್ಟೆ ಬರುತ್ತೆ ಎಂದು ಅಮ್ಮ ಹೇಳಿದ್ದಳಲ್ಲ. ಅಮ್ಮನಿಗೆ ತಿಳಿದರೆ ಏನು ಗತಿ? ಕಾವು ಸಿಗದ ಹಾಗೆ ಮಾಡಿದರೆ ಮರಿ ಬೆಳೆಯುವುದಿಲ್ಲ ಎಂಬುದೂ ಅಮ್ಮನ ಮಾತೇ. ಅದಕ್ಕೇ ತಣ್ಣೀರು, ಬರಿನೆಲ, ಆರಿದ ಊಟ.

ಮೊಟ್ಟೆಯಕ್ಕನಿಗೆ ಈಗ ಎಲ್ಲ ತಿಳಿಯಿತು. ತಾನು ಹೇಳಿದ ಎರಡು ಮಾತನ್ನು ಸೇರಿಸಿ ಮಗಳು ಸಾಯಲು ಕೂತಿದ್ದಳು, ತಾನು ಅದನ್ನು ಹಟ ಎಂದುಕೊಂಡಿದ್ದಳು. ಓಡಿಬಂದು ಮಗಳನ್ನು ತಬ್ಬಿಕೊಂಡಳು. "ನನ್ನ ಹತ್ರ ಹೇಳಬಾರದಿತ್ತೇನೇ?"

"ನೀನು ಬೈತೀಯ ಅಂತ."

ನರ್ಸಮ್ಮ ಇಬ್ಬರಿಗೂ ಒಟ್ಟಿಗೇ ಹೇಳಿದರು. ಮೈ ತಾಗಿದರೆ, ಪಕ್ಕದಲ್ಲಿ ಕೂತರೆ, ಕೈ ಹಿಡಿದರೆ ಯಾರಿಗೂ ಗರ್ಭ ನಿಲ್ಲುವುದಿಲ್ಲ. ಶುರುವಿನ ಒಂದೆರಡು ವರ್ಷ ಮುಟ್ಟು ಹಿಂದೆಮುಂದೆ ಆಗುವುದುಂಟು, ಮೂರು ತಿಂಗಳಾದರೂ ಬರದಿದ್ದರೆ ಡಾಕ್ಟರಿಗೆ ತೋರಿಸಬೇಕು. ಗಂಡಿನ ವೀರ್ಯದ ಕಣ ಹೆಣ್ಣಿನ ಅಂಡವನ್ನು ಸೇರಿದರೆ ಮಾತ್ರ ಮಗು. ಅದು ಹೇಗೆ ಸೇರುತ್ತದೆ, ಎಲ್ಲಿ ಬೆಳೆಯುತ್ತದೆ ಎಂಬುದನ್ನೂ ಒಗಟು ಮಾಡದೆ, ನಾಚದೆ, ಅಡುಗೆ ಹೇಳಿಕೊಟ್ಟಷ್ಟು ಸಲೀಸಾಗಿ ಹೇಳಿದರು. ಪುಟ್ಟಿಯ ಭುಜ ಸಡಿಲವಾಗುತ್ತ ಬಂತು.

"ಇನ್ನೊಂದು ವಿಷಯ ಗೊತ್ತಾ ನಿಮಗೆ?" ಎಂದರು. "ಹೆಣ್ಣುಮಗು ಹುಟ್ಟೋ ಮೊದಲೇ, ಇನ್ನೂ ಅಮ್ಮನ ಹೊಟ್ಟೇಲಿದ್ದಾಗಲೇ, ಅದರ ಅಂಡಗಳೆಲ್ಲ ಅದರ ಮೈಯೊಳಗೆ ಸಿದ್ಧವಾಗಿರ್ತವೆ. ಪುಟ್ಟೀ, ನೀನಾಗೋಕೆ ಕಾರಣವಾದ ಅಂಡ ಇತ್ತಲ್ಲ, ಅದು ನಿನ್ನಮ್ಮ ನಿನ್ನಜ್ಜಿ ಹೊಟ್ಟೇಲಿದ್ದಾಗಲೇ ಇತ್ತು."

ತಾಯಿ ಮಗಳು ಇಬ್ಬರೂ ಬಾಯಿ ತೆರೆದು ಕೂತರು. ಲಕ್ಷಾಂತರ ಮೊಟ್ಟೆಗಳ ಒಳಗನ್ನು ಕಂಡವಳು ಮೊಟ್ಟೆಯಕ್ಕ. ತನ್ನ ಒಳಗನ್ನು ಅವತ್ತೇ ಮೊದಲು ಕಂಡಳು. ನಾಚಿಕೆಪಡಬೇಕಾದದ್ದು ಎಂದುಕೊಂಡು ಇಷ್ಟು ವರ್ಷ ಮುಚ್ಚಿಟ್ಟದ್ದು ಇಷ್ಟು ದೊಡ್ಡದೇ, ಇಷ್ಟು ಚೆಂದವೇ ಎಂದು ಕಣ್ಣು ತುಂಬಿ ಬಂತು.

ನರ್ಸಮ್ಮನೇ ಜೊತೆಗೆ ಬಂದು ಪುಟ್ಟಿಯನ್ನು ಡಾಕ್ಟರಿಗೆ ತೋರಿಸಿದರು. ಎದೆಯಲ್ಲಿ ಕಫ ಕಟ್ಟಿತ್ತು. ಇನ್ನಷ್ಟು ದಿನ ಹೀಗೇ ಬಿಟ್ಟಿದ್ದರೆ ಆಸ್ಪತ್ರೆಯಲ್ಲಿ ಮಲಗಿಸಬೇಕಾಗುತ್ತಿತ್ತು ಎಂದು ಬೈದು, ಔಷಧಿ ಕೊಟ್ಟರು ಡಾಕ್ಟರು.

ಮನೆಗೆ ಬಂದು ಬಿಸಿನೀರಿನಲ್ಲಿ ಮುಖ ತೊಳೆದ ಪುಟ್ಟಿ ಮೊದಲು ಹೋದದ್ದು ಅಜ್ಜಿಯ ಹತ್ತಿರ. ಕೇಳಿದ್ದನ್ನೆಲ್ಲ ಹೇಳಿದಳು. "ಥೂ, ಬಿಡ್ತು ಅನ್ನು, ಇಂಥವೆಲ್ಲ ಮಕ್ಕಳ ಬಾಯಲ್ಲಿ ಬರಬಾರದು," ಎಂದು ಅಜ್ಜಿ ಗದರಿದಳು. ಹುಡುಗಿ ಬಿಡಲಿಲ್ಲ. ಕೊನೆಯ ಮಾತನ್ನೂ ಹೇಳಿಯೇಬಿಟ್ಟಳು.

ಅಜ್ಜಿಯ ಕೈ ತಾನಾಗಿ ತನ್ನ ಸುಕ್ಕುಗಟ್ಟಿದ ಹೊಟ್ಟೆಯ ಮೇಲೆ ಹೋಯಿತು.

"ಅಂದ್ರೆ," ಎಂದಳು ಆಮೇಲೆ, ದನಿ ತಗ್ಗಿಸಿ, "ನಿಮ್ಮಮ್ಮನ್ನ ಹೊತ್ತಿದ್ದಾಗ ನಿನ್ನನ್ನೂ ನಾನೇ ಹೊತ್ತಿದ್ದೆನಾ?"

"ಹೂಂ ಅಜ್ಜಿ."

"ಐದು ಹೆತ್ತೆ ಕಣೇ. ಈ ಮಾತನ್ನ ನನಗೆ ಒಬ್ಬರೂ ಹೇಳ್ಲಿಲ್ಲ," ಎಂದು ಮೊಮ್ಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದಳು. ಹೊಸದಾಗಿ ಹುಟ್ಟಿದ ಕೂಸನ್ನು ನೋಡುವ ಹಾಗೆ ನೋಡಿದಳು.

ಸೋಮವಾರ ಸಭೆಯಲ್ಲಿ ಮೊಟ್ಟೆಯಕ್ಕ ಎದ್ದು ನಿಂತಾಗ ಅವಳ ಬಣದವರು ಚಪ್ಪಾಳೆ ತಟ್ಟಿದರು. ಆಕೆ ಕೈಸನ್ನೆ ಮಾಡಿ ನಿಲ್ಲಿಸಿದಳು. ಮಗಳ ಗುಟ್ಟನ್ನು ಬಿಟ್ಟುಕೊಡಲಿಲ್ಲ. "ಒಂದು ಮಾತು ಸಾಕು ಅಂತ ಊರೆಲ್ಲ ಹೇಳಿಕೊಂಡು ಬಂದವಳು ನಾನೇ. ಸಾಕಾಗಲ್ಲ. ದೂರ ಇರಿ ಅಂತ ಹೇಳೋಣ, ಖಂಡಿತ ಹೇಳೋಣ. ಜೊತೆಗೆ ಎಲ್ಲಾನೂ ಹೇಳೋಣ. ಅರ್ಧ ಗೊತ್ತಾದ ಮಗು ಮಿಕ್ಕ ಅರ್ಧನ ತಾನೇ ಕಟ್ಟಿಕೊಳ್ಳುತ್ತೆ," ಎಂದಳು.

ಪೂರ್ತಿ ಪಾಠಕ್ಕೆ ಕೈ ಎತ್ತುವವರು ಯಾರು ಎಂದು ಹೆಡ್‌ಮಾಸ್ಟರು ಕೇಳಿದರು. ಮೊದಲು ಎದ್ದ ಕೈ ಬಾಗಿಲ ಬಳಿ ಕೂತಿದ್ದ ಅಜ್ಜಿಯದು. "ಅಜ್ಜಿ, ಇದು ಮಕ್ಕಳ ತಂದೆತಾಯಿಗೆ ಮಾತ್ರ," ಎಂದು ಯಾರೋ ನಕ್ಕರು.

"ಅವಳನ್ನ ನಾನೂ ಹೊತ್ತಿದೀನಿ ಕಣಪ್ಪ," ಎಂದು ಅಜ್ಜಿ ಕೈ ಇಳಿಸಲಿಲ್ಲ.

ತಾಯಂದಿರೇ, ತಂದೆಯರೇ, ನಿಮ್ಮ ಶಾಲೆಯಲ್ಲೂ ಇಂಥ ಪಾಠದ ಮಾತು ಬಂದರೆ ಮೂಗು ಮುರಿಯಬೇಡಿ. ಹೋಗಿ ಕೂತು ನೀವೇ ಮೊದಲು ಕೇಳಿ. ನಿಮ್ಮ ಮಗಳಿಗೆ ಮಾತ್ರವಲ್ಲ, ಮಗನಿಗೂ ಕೇಳಿಸಿ. ಅವಸರ ಬೇಡ ಎಂದು ಹೇಳಿ, ಯಾಕೆ ಬೇಡ ಎಂದೂ ಹೇಳಿ. ಯಾರಾದರೂ ಬೇಡದ ಕಡೆ ಮುಟ್ಟಿದರೆ ಓಡಿಬಂದು ನಿಮಗೇ ಹೇಳುವಷ್ಟು ಧೈರ್ಯ ಕೊಡಿ. ಮಗು ಇಂದು ನಿಮ್ಮನ್ನೇನಾದರೂ ಕೇಳಿದರೆ "ಸುಮ್ನಿರು" ಎನ್ನಬೇಡಿ. ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಅದರ ಕೈ ಹಿಡಿದುಕೊಂಡು, ಇಬ್ಬರೂ ಒಟ್ಟಿಗೆ ಹೋಗಿ ಕೇಳಿಕೊಂಡು ಬನ್ನಿ.