ಕೇಳದವರಿಗೆ ನಾನು ಕಳಿಸಿಲ್ಲ

ಪರದೆಯ ಮೇಲೆ ಹಸಿರು ಬಣ್ಣದ ಒಂದೇ ಒಂದು ಗುಂಡಿ ಇತ್ತು. ಅದರ ಮೇಲೆ ‘ಒಪ್ಪುತ್ತೇನೆ’ ಎಂದು ಬರೆದಿತ್ತು. ಏನನ್ನು ಒಪ್ಪಬೇಕು ಎನ್ನುವುದು ಮೇಲಿನ ಸಾಲಿನಲ್ಲಿತ್ತು: ಕೇಳದ ಜನರಿಗೆ ನಾನು ಮೇಲ್ ಕಳಿಸಿದ್ದೇನೆ, ಇನ್ನು ಮುಂದೆ ಕಳಿಸುವುದಿಲ್ಲ. ಒತ್ತಿದರೆ ನಿಂತುಹೋದ ನನ್ನ ಮೇಲ್ ಮತ್ತೆ ಶುರುವಾಗುತ್ತದೆ. ಒತ್ತದಿದ್ದರೆ ಶನಿವಾರ ಸಂಜೆ ಖಾತೆ ಕಾಯಂ ಬಂದ್. ‘ಒಪ್ಪುವುದಿಲ್ಲ’ ಎನ್ನುವ ಗುಂಡಿಗಾಗಿ ಪರದೆಯನ್ನೆಲ್ಲ ತಡಕಾಡಿದೆ. ಅಂಥದ್ದನ್ನು ಅವರು ಮಾಡಿಯೇ ಇರಲಿಲ್ಲ.

ನಾನು ರಾಜೇಶ್ವರಮ್ಮ. ಶಿಕಾರಿಪುರದಲ್ಲಿ ನಮ್ಮ ಗೊಬ್ಬರದಂಗಡಿಯ ಮಹಡಿ ಮೇಲೆ ವಧು-ವರರ ಮಾಹಿತಿ ಕೇಂದ್ರ ನಡೆಸುತ್ತೇನೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ನನ್ನ ಮಾತಿನ ಮೇಲೆ ಹಾಕಿದ ಚಪ್ಪರಗಳು ಬೇಕಾದಷ್ಟಿವೆ. ಮೊದಲೆಲ್ಲ ಫೋಟೋಗಳನ್ನು ವಾಟ್ಸಾಪಿನಲ್ಲೇ ಕಳಿಸುತ್ತಿದ್ದೆ. ಒಂದು ಸಲ ಅಂಜನಾಪುರದ ಹುಡುಗಿಯೊಬ್ಬಳ ಫೋಟೋ ಯಾರ್ಯಾರದೋ ಗ್ರೂಪಿಗೆ ಹೋಗಿ, ಆ ಮಗು ಕಾಲೇಜಿಗೆ ಹೋಗುವುದನ್ನೇ ಬಿಟ್ಟಿತು. ಅವತ್ತೇ ನಿಶ್ಚಯ ಮಾಡಿದೆ. ತಾವಾಗಿ ಬಂದು ಹೆಸರು ಬರೆಸಿದ ಮನೆಗೆ ಮಾತ್ರ, ಅದೂ ಮೇಲ್‌ನಲ್ಲಿ ಮಾತ್ರ. ಫೋಟೋದ ಮೇಲೆ ಆ ಮನೆಯವರಿಗೆಂದೇ ಒಂದು ಸಾಲು ಬರೆಯುವುದು ನನ್ನ ಅಭ್ಯಾಸ. ಅಂಥವಳನ್ನು ಸ್ಪ್ಯಾಮ್ ಕಳಿಸುವವಳು ಎನ್ನುತ್ತಾರಲ್ಲ, ನನಗೆ ಮೈಯೆಲ್ಲ ಉರಿಯಿತು.

ನನ್ನ ಗಂಡ ಮಹೇಶ್ವರಪ್ಪ ಕೆಳಗಿನಿಂದ ಬಂದು ಪರದೆ ನೋಡಿ ನಕ್ಕರು.

“ಒತ್ತಿಬಿಡೇ ಮಾರಾಯ್ತಿ. ಅದೇನ್ ಕೋರ್ಟಾ? ಮಿಷನ್ನು. ಮಿಷನ್ನಿಗೆ ಸುಳ್ಳು ಹೇಳಿದ್ರೆ ಯಾವ ಪಾಪ ಬರುತ್ತೆ?”

“ಕೇಳೋದು ಮಿಷನ್ನೇ ಇರಬಹುದು ಕಣ್ರೀ. ಹೇಳೋ ಬಾಯಿ ನಂದಲ್ವಾ?”

“ಖಾತೆ ಹೋದ್ರೆ ಸೆಂಟರ್ ಹೆಂಗೆ ನಡೆಸ್ತೀಯ?”

“ಹೋದ್ರೆ ಹೋಗ್ಲಿ. ಮಾಡದ ತಪ್ಪನ್ನ ನಾನು ಒಪ್ಪಲ್ಲ.”

ಮೇಲ್ ಕಂಪನಿಗೆ ಬರೆದೆ. ದೂರು ಕೊಟ್ಟವರು ಯಾರು ಎಂದು ಕೇಳಿದೆ. ಅದಕ್ಕೂ ಮನುಷ್ಯರು ಉತ್ತರಿಸಲಿಲ್ಲ. ಹೆಸರು ಹೇಳುವಂತಿಲ್ಲ ಎಂಬ ಯಂತ್ರದ ಉತ್ತರದ ಜೊತೆ ದೂರುಗಳ ಪ್ರತಿ ಬಂತು. ವಿಳಾಸ ಇರಬೇಕಾದ ಕಡೆಯೆಲ್ಲ ಅಳಿಸಿಹಾಕಿದ್ದರು. ಆದರೆ ನಾನು ಕಳಿಸಿದ ಫೋಟೋ, ಹುಡುಗರ ತಾಯಂದಿರ ಫೋನ್ ನಂಬರು, ಮೇಲೆ ನಾನೇ ಬರೆದ ಸಾಲು, ಎಲ್ಲ ಹಾಗೇ ಇದ್ದವು. ಪ್ರತಿಯೊಂದರಲ್ಲೂ ಒಂದೇ ಹೆಸರು: ‘ನಮ್ಮ ಗಂಗಾಶ್ರೀಗೆ ಹೊಂದಬಹುದು, ನೋಡಿ.’ ಮುಚ್ಚಬೇಕಾದದ್ದನ್ನು ತೆರೆದಿಟ್ಟು, ಮುಚ್ಚಬೇಕಿಲ್ಲದ್ದನ್ನು ಮುಚ್ಚಿತ್ತು ಆ ಬುದ್ಧಿವಂತ ಯಂತ್ರ. ಇನ್ನೂ ಒಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ಮನೆಯ ದೂರು ಸ್ಪ್ಯಾಮ್ ತಡೆಯುವ ಹತ್ತಾರು ಸಂಸ್ಥೆಗಳಿಗೆ ಹೋಗಿ, ಅಲ್ಲಿಂದ ಹತ್ತಾರು ದೂರಾಗಿ ನನ್ನ ತಲೆಯ ಮೇಲೆ ಬಂದು ಬಿದ್ದಿತ್ತು. ಊರೆಲ್ಲ ಸೇರಿ ನನ್ನ ಮೇಲೆ ದೂರು ಕೊಟ್ಟಿದೆ ಎಂದು ಕಂಪನಿ ತಿಳಿದಿತ್ತು.

ಗಂಗಾಶ್ರೀ ಕುಬಟೂರಿನ ವೀರಬಸಪ್ಪನವರ ಮಗಳು. ಮರುದಿನವೇ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಹೊರಟೆ. ದಾರಿಯುದ್ದಕ್ಕೂ ಆಡಬೇಕಾದ ಜಗಳವನ್ನು ಮನಸ್ಸಿನಲ್ಲೇ ಆಡಿ ಮುಗಿಸಿದ್ದೆ. ಆದರೆ ಬಾಗಿಲಲ್ಲೇ ಅವರ ಹೆಂಡತಿ ಅಕ್ಕನಾಗಮ್ಮ ಎರಡೂ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. ತಿನ್ನಲು ಕೊಟ್ಟವರ ಮನೆಯಲ್ಲಿ ಜಗಳ ಹೇಗೆ ತೆಗೆಯುವುದು? ಬಜ್ಜಿ ಮುಗಿಸಿಯೇ ಕೇಳಿದೆ.

“ನಾವು ನಿಮ್ ಮ್ಯಾಲೆ ದೂರು ಕೊಡಾದಾ?” ವೀರಬಸಪ್ಪ ಎದ್ದೇ ನಿಂತರು. “ಏನ್ ಮಾತು ಅಂತ ಆಡ್ತೀರಿ ಅಕ್ಕಾರೆ. ನಮ್ ಮಗಳಿಗೆ ಗಂಡು ಹುಡುಕಾಕ ಹತ್ತಿದವರ ಮ್ಯಾಲೆ ದೂರಾ?”

“ಹಂಗಾದ್ರೆ ಕಂಪ್ಯೂಟರ್ ತೆಗೀರಿ. ನೋಡೇಬಿಡಾಣ.”

ಅವರದು ಮೆಕ್ಕೆಜೋಳದ ವ್ಯಾಪಾರ. ಅದರ ಕಂಪ್ಯೂಟರಿನಲ್ಲೇ ನನ್ನ ಮೇಲ್ ಬರುತ್ತಿತ್ತು, ನೋಡುತ್ತಿದ್ದವರು ಅಕ್ಕನಾಗಮ್ಮ. ಸ್ಪ್ಯಾಮ್ ಎಂಬ ಪೆಟ್ಟಿಗೆ ತೆರೆದರೆ, ನಾನು ಕಳಿಸಿದ ಹುಡುಗರೆಲ್ಲ ಅಲ್ಲಿ ಸಾಲಾಗಿ ನಿಂತಿದ್ದರು.

“ನಮಗ ಹೊಂದಲಾರದ್ದನ್ನ ಅಲ್ಲಿ ಇಡ್ತಿದ್ದೆ ಅಕ್ಕಾರೆ,” ಎಂದರು ಅಕ್ಕನಾಗಮ್ಮ. “ಅಳಿಸಾಕ ಮನಸ್ಸು ಬರ್ಲಿಲ್ಲ. ಯಾರದೋ ಮನಿ ಮಗ, ಹಣಿ ತುಂಬ ವಿಭೂತಿ ಹಚ್ಚಿಕೊಂಡು ನಿಂತಾನ. ಅವನ್ನ ಕಸಕ್ಕ ಒಗ್ಯಾದು ಹ್ಯಾಂಗೆ?”

“ಬೇಡ ಅಂತ ನಂಗೊಂದು ಸಾಲು ಬರೀಬಹುದಿತ್ತಲ್ಲ.”

“ಶುಭದ ಮಾತಿಗೆ ಬ್ಯಾಡ ಅಂತ ಯಾರರ ಬರೀತಾರೇನ್ರಿ?”

ಅದೂ ನಿಜವೇ. ನಮ್ಮ ಕಡೆ ಇರುವುದೇ ಹೀಗೆ. ಹೆಣ್ಣು ನೋಡಿ ಹೋದವರು ‘ಮನೇಲಿ ಕೇಳಿ ಹೇಳ್ತೀವಿ’ ಎನ್ನುತ್ತಾರೆ, ಆಮೇಲೆ ಹೇಳುವುದೇ ಇಲ್ಲ. ಆ ಹೇಳದಿರುವುದೇ ಉತ್ತರ. ಅದು ಎರಡೂ ಮನೆಯವರಿಗೆ ಗೊತ್ತು, ಯಾರಿಗೂ ಮುಖಭಂಗ ಇಲ್ಲ. ಯಂತ್ರಕ್ಕೆ ಅದು ಹೇಗೆ ಗೊತ್ತಾಗಬೇಕು?

ಶಿವಮೊಗ್ಗದಲ್ಲಿರುವ ವೀರಬಸಪ್ಪನವರ ಅಣ್ಣನ ಮಗ ಚನ್ನೇಶ್‌ಗೆ ಫೋನ್ ಮಾಡಿಸಿದೆ. ಲಾಟರಿ, ಸಾಲ ಎಂದು ಕಸದ ಮೇಲ್‌ಗಳು ಬರುತ್ತವೆಂದು ಆ ಕಂಪ್ಯೂಟರಿಗೆ ದೂರಿನ ಪ್ರೋಗ್ರಾಮ್ ಹಾಕಿಕೊಟ್ಟವನು ಅವನೇ.

“ಅದು ಆಟೋಮ್ಯಾಟಿಕ್ ಅಮ್ಮಾ. ಆ ಪೆಟ್ಟಿಗೆಗೆ ಬಿದ್ದಿದ್ದನ್ನೆಲ್ಲ ತಾನೇ ಎಲ್ಲಾ ಕಡೆ ದೂರು ಕಳಿಸುತ್ತೆ. ಒಳಗೆ ಏನಿದೆ ಅಂತ ನೋಡಲ್ಲ.”

“ಫೋಟೋ, ಫೋನ್ ನಂಬರ್ ಸಮೇತ ಕಳಿಸುತ್ತಾ?”

“ಪುರಾವೆ ಅಂತ ಎಲ್ಲಾನೂ ಕಳಿಸುತ್ತೆ.”

“ವಾಪಸ್ ತರ್ಸಪ್ಪ ಹಂಗಾದ್ರೆ.”

“ವಾಪಸ್ ತಗೊಳ್ಳೋಕೆ ಅದರಲ್ಲಿ ದಾರಿ ಇಲ್ಲಮ್ಮ.”

ನನ್ನ ಕಣ್ಣಲ್ಲಿ ನೀರೇ ಬಂತು. ಒಂದು ಹುಡುಗಿಯ ಫೋಟೋ ಊರ ಪಾಲಾಯಿತೆಂದು ಇಷ್ಟೆಲ್ಲ ಕಟ್ಟುನಿಟ್ಟು ಮಾಡಿಕೊಂಡವಳು ನಾನು. ಈಗ ಇಷ್ಟೂ ಮಕ್ಕಳ ಮುಖ ಯಾವ ದೇಶದ ಯಾವ ಕಂಪ್ಯೂಟರಿನಲ್ಲಿದೆಯೋ. ಇಷ್ಟಾದ ಮೇಲೂ ತಪ್ಪು ನನ್ನದೇ ಎಂದು ನಾನೇ ಒಪ್ಪಿ ಒತ್ತಬೇಕು.

ಪಾಪ, ವೀರಬಸಪ್ಪ ಕೂಡಲೇ ಕಂಪನಿಗೆ ಬರೆದರು: ದೂರು ನಮ್ಮ ಕೈತಪ್ಪಿನಿಂದ ಹೋಯಿತು, ಈ ತಾಯಿ ನಾವು ಕೇಳಿದ್ದನ್ನೇ ಕಳಿಸಿದ್ದಾರೆ. ಅವರು ಕನ್ನಡಕ ತೆಗೆಯುವುದರೊಳಗೆ ಉತ್ತರ ಬಂತು. ‘ನಿಮ್ಮ ದೂರಿಗೆ ಧನ್ಯವಾದ. ಕಳಿಸಿದವರ ಮೇಲೆ ಕ್ರಮ ಕೈಗೊಳ್ಳಲಾಗಿದೆ.’ ಅದನ್ನೂ ದೂರಿನ ಲೆಕ್ಕಕ್ಕೇ ಸೇರಿಸಿಕೊಂಡಿದ್ದರು.

“ಒಪ್ಪೇನಿ ಅಂತ ಒತ್ತಿಬಿಡ್ರಿ ಅಕ್ಕಾರೆ,” ಎಂದರು ಅವರು ತಲೆ ತಗ್ಗಿಸಿ. “ನೀವು ಎಂಥವರು ಅಂತ ನಮಗ ಗೊತ್ತೈತಲ್ಲ.”

“ನಿಮಗೆ ಗೊತ್ತಿದೆ ಅಂತಾನೇ ಒತ್ತಲ್ಲ ಕಣ್ರೀ,” ಎಂದೆ. ಹೊರಡುವಾಗ ಅಕ್ಕನಾಗಮ್ಮನವರಿಗೆ ಹೇಳಿದೆ, “ಇನ್ಮೇಲೆ ಮೇಲ್ ಇಲ್ಲ. ಫೋಟೋನ ಕವರಿನಲ್ಲಿ ಹಾಕಿ ನಾನೇ ಬಸ್ಸಿನಲ್ಲಿ ತಂದು ತೋರಿಸ್ತೀನಿ. ಬೇಡ ಅಂದ್ರೆ ಬಾಯಿಬಿಟ್ಟು ಬೇಡ ಅನ್ನಬೇಕು. ತಾಳಗುಂದದ ಮಲ್ಲಿಕಾರ್ಜುನನಿಂದಾನೇ ಶುರು ಮಾಡ್ರಿ. ಅವನೂ ಆ ಪೆಟ್ಟಿಗೇಲಿ ನಿಂತಿದ್ನಲ್ಲ, ಬೇಕೋ ಬೇಡ್ವೋ?”

ಅವರು ಸೆರಗಿನ ತುದಿ ಸುತ್ತಿದರು. “ಮನಿಯಾಗ ಕೇಳಿ ಹೇಳ್ತೀನ್ರಿ,” ಎಂದರು. ಮನೆಯವರು ಪಕ್ಕದಲ್ಲೇ ನಿಂತಿದ್ದರು.

ಶನಿವಾರ ಬಂತು. ಸಂಜೆ ಕಂಪ್ಯೂಟರಿನ ಮುಂದೆ ಕೂತೆ. ಇಷ್ಟು ವರ್ಷಗಳ ಪತ್ರ, ಮದುವೆಯಾದವರು ಕಳಿಸಿದ ಕೂಸುಗಳ ಫೋಟೋ, ಎಲ್ಲ ಅದರೊಳಗಿತ್ತು. ಗಂಡ ಪಕ್ಕದಲ್ಲಿ ಚಹಾ ಇಟ್ಟರು. ಹಸಿರು ಗುಂಡಿ ಇನ್ನೂ ಅಲ್ಲೇ ಇತ್ತು. ನಾನು ಕೈಕಟ್ಟಿ ಕೂತೆ.

ಆಗ ಫೋನ್ ಬಂತು. ಅಕ್ಕನಾಗಮ್ಮ. ಮಳೆ ಬೆಳೆ ಎಲ್ಲ ವಿಚಾರಿಸಿದರು, ನನ್ನ ಮೊಣಕಾಲು ನೋವನ್ನೂ ವಿಚಾರಿಸಿದರು.

“ಅಕ್ಕಾರೆ, ಆ ತಾಳಗುಂದದ ಸಂಬಂಧ...”

“ಹೇಳ್ರಿ.”

“ನಮಗ ಬ್ಯಾಡ್ರಿ.”

“ನಂಗೂ ಬೇಡ ಕಣ್ರೀ,” ಎಂದು ಹಸಿರು ಗುಂಡಿಯನ್ನೇ ನೋಡುತ್ತ ಎದ್ದು ಕಂಪ್ಯೂಟರಿನ ಪ್ಲಗ್ ಕಿತ್ತೆ.